ಸೈಡ್ ಸ್ಕರ್ಟ್: ಬಿಚ್ಚಿ ರ‍್ಯಾಪ್ ಮಾಡಬೇಕಾ, ಗಾಡಿ ಮೇಲೇ ಮಾಡಬಹುದಾ?

ರ‍್ಯಾಪ್ ಮಾಡಿಸಲು (ಕಾರಿನ ಮೈಗೆ ತೆಳು ಫಿಲ್ಮ್ ಅಂಟಿಸಲು) ಬರುವವರು ಮೊದಲು ಬಾನೆಟ್ ಬಗ್ಗೆ ಕೇಳುತ್ತಾರೆ, ಆಮೇಲೆ ರೂಫ್. ಸೈಡ್ ಸ್ಕರ್ಟ್ ನೆನಪಾಗುವುದು ಹೊರಡುವ ಹೊತ್ತಿಗೆ. "ಅದೇನು ಬಿಡಿ, ಬಾಗಿಲ ಕೆಳಗಿನ ಒಂದು ಪಟ್ಟಿ ತಾನೇ" ಅನ್ನುತ್ತಾರೆ. ಸ್ಪೋರ್ಟ್ಸ್ ಕಾರಿನಲ್ಲಿ ನನಗೆ ಜಾಸ್ತಿ ತಲೆನೋವು ಕೊಡುವುದು ಆ ಪಟ್ಟಿಯೇ. ಬಾನೆಟ್ ಮೇಲೆ ಸರಿಯಾಗಿ ಕೂರಿಸಿದ ಫಿಲ್ಮ್ ವರ್ಷಗಟ್ಟಲೆ ತೆಪ್ಪಗಿರುತ್ತದೆ. ಸ್ಕರ್ಟ್ ಮೇಲಿನದ್ದಕ್ಕೆ ಆ ನೆಮ್ಮದಿ ಇಲ್ಲ. ಮುಂದಿನ ಟೈರು ಎಸೆಯುವ ಕಲ್ಲು, ಟಾರು, ಕೆಸರು, ಇಳಿಯುವವರ ಶೂ, ಪ್ರೆಷರ್ ವಾಷರ್ ನೀರು, ಎಲ್ಲ ಅದಕ್ಕೇ. ಫಿಲ್ಮ್ ಏಳಲು ಶುರುವಾದರೆ ಮೊದಲು ಅದರ ಕೆಳ ಅಂಚಿನಲ್ಲಿ ಏಳುತ್ತದೆ.

ಹಾಗಾಗಿ ಯಾವ ಗಾಡಿ ಬಂದರೂ ನಾನು ಮೊದಲು ಮಂಡಿಯೂರಿ ಸ್ಕರ್ಟ್ ತಳಕ್ಕೆ ಟಾರ್ಚ್ ಹಿಡಿಯುತ್ತೇನೆ. ಕಣ್ಣಿಗೆ ಕಾಣುವ ಮುಖದ ಕೆಲಸ ಸುಲಭ. ಫಿಲ್ಮ್ ಎಲ್ಲಿ ಮುಗಿಯುತ್ತದೆ ಅನ್ನುವುದರ ಮೇಲೆ ಉಳಿದ ಎಲ್ಲಾ ನಿರ್ಧಾರ ನಿಂತಿದೆ.

ಬಿಚ್ಚಬೇಕಾ ಬೇಡವಾ

ಕೆಳ ಅಂಚು ಒಳಕ್ಕೆ ತಿರುಗಿದ್ದು, ಅದರ ಹಿಂದೆ ಬೆರಳು ಹೋಗುವಷ್ಟು ಜಾಗ ಇದ್ದರೆ ಬಿಚ್ಚಬೇಡಿ. ಫಿಲ್ಮ್ ಅನ್ನು ಒಂದು, ಒಂದೂವರೆ ಸೆಂಟಿಮೀಟರ್ ಒಳಕ್ಕೆ ಮಡಚಿ ಒತ್ತಲು ಸಾಧ್ಯವಾದರೆ ಗಾಡಿ ಮೇಲೇ ಕೆಲಸ ಮುಗಿಸಬಹುದು. ಮೇಲಂಚು ಬಾಗಿಲ ಹೊಸ್ತಿಲ ರಬ್ಬರ್ ಕೆಳಗೆ ಸಿಕ್ಕಿಕೊಂಡಿದ್ದರೆ, ತುದಿಗಳು ಫೆಂಡರ್‌ಗೆ ಕೂದಲೆಳೆಯಷ್ಟೂ ಜಾಗ ಬಿಡದೆ ಅಂಟಿಕೊಂಡಿದ್ದರೆ, ಅಥವಾ ಆಳವಾದ ಗಾಳಿಕಿಂಡಿ ಇದ್ದರೆ, ಆಗ ಬಿಚ್ಚುವುದೇ ಸರಿ. ಓಡುವಾಗ ಸ್ಕರ್ಟ್ ಕಡೆಯಿಂದ ಗಡಗಡ ಸದ್ದು ಬರುತ್ತಿದ್ದರೂ ಬಿಚ್ಚಿ. ಕ್ಲಿಪ್ ಮುರಿದಿರುತ್ತದೆ. ಅಲ್ಲಾಡುವ ಭಾಗದ ಮೇಲೆ ಫಿಲ್ಮ್ ಉಳಿಯುವುದಿಲ್ಲ.

ಕಂಪನಿಯಿಂದಲೇ ಅಂಟು ಹಾಕಿ ಕೂರಿಸಿದ ಸ್ಕರ್ಟ್ ಆದರೆ ಎರಡು ಸಲ ಯೋಚಿಸಿ. ಅದು ಬರುವಾಗ ಬಣ್ಣವನ್ನೂ ಕಿತ್ತುಕೊಂಡು ಬರಬಹುದು.

ಕೆಲವರಿಗೆ ಸ್ಕರ್ಟ್ ತೆಗೆದು ಹಾಗೇ ಓಡಿಸುವ ಆಸೆ ಇರುತ್ತದೆ. ತೂಕ ಕಡಿಮೆಯಾಗುತ್ತದೆ ಅನ್ನುತ್ತಾರೆ. ಪ್ಲಾಸ್ಟಿಕ್ ಸ್ಕರ್ಟ್ ತೂಕ ಎಷ್ಟಿರುತ್ತದೆ ಹೇಳಿ? ಗಾಳಿಯ ಮಾತು ಎತ್ತುವವರೂ ಇದ್ದಾರೆ. 1978ರ ಲೋಟಸ್ 79 ರೇಸ್ ಕಾರಿನ ಸ್ಕರ್ಟ್‌ಗಳು ನೆಲಕ್ಕೆ ತಾಗಿಕೊಂಡೇ ಮೇಲೆ ಕೆಳಗೆ ಜಾರುತ್ತಿದ್ದವು. ಪಕ್ಕದಿಂದ ಗಾಳಿ ಒಳಗೆ ನುಗ್ಗದಂತೆ ತಡೆದು ಗಾಡಿಯನ್ನು ನೆಲಕ್ಕೆ ಹೀರಿಸುತ್ತಿದ್ದವು. ಅದರ ಪರಿಣಾಮ ಎಷ್ಟು ಜೋರಾಗಿತ್ತೆಂದರೆ ಫಾರ್ಮುಲಾ ಒನ್‌ನಲ್ಲಿ 1981ಕ್ಕೆ ಜಾರುವ ಸ್ಕರ್ಟ್ ನಿಷೇಧವಾಯಿತು, 1983ಕ್ಕೆ ತಳವೇ ಸಪಾಟಾಗಿರಬೇಕು ಅನ್ನುವ ನಿಯಮ ಬಂತು. ರಸ್ತೆ ಕಾರಿನ ಸ್ಕರ್ಟ್ ನೆಲದಿಂದ ಒಂದು ಗೇಣು ಮೇಲಿರುತ್ತದೆ. ಅದರಿಂದ ಆ ಮಟ್ಟದ ಕೆಲಸ ಆಗುವುದಿಲ್ಲ. ಆದರೆ ಅದು ಕಲ್ಲೇಟು ತಡೆಯುತ್ತದೆ, ತಳದ ವೆಲ್ಡಿಂಗ್ ಅಂಚನ್ನು ಮುಚ್ಚುತ್ತದೆ. ತೆಗೆದರೆ ಕ್ಲಿಪ್ ತೂತುಗಳು ಬಾಯಿ ಬಿಟ್ಟುಕೊಂಡಿರುತ್ತವೆ, ಒಳಗಿನ ಲೋಹಕ್ಕೆ ಎಷ್ಟೋ ಸಲ ಪೂರ್ತಿ ಬಣ್ಣವೂ ಇರುವುದಿಲ್ಲ. ತೆಗೆದೇ ಓಡಿಸುತ್ತೀರಾದರೆ ಪ್ರತಿ ತೂತಿಗೂ ರಬ್ಬರ್ ಬಿರಡೆ ಹಾಕಿ. ತಳದಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಎತ್ತುವುದು

ಗಾಡಿ ಕೆಳಮಟ್ಟದ್ದಾದ್ದರಿಂದ ಜಾಕ್ ಒಳಗೇ ಹೋಗುವುದಿಲ್ಲ ಅನ್ನುವುದು ಮಾಮೂಲಿ ಗೋಳು. ನಾಲ್ಕೂ ಚಕ್ರದ ಕೆಳಗೆ ದಪ್ಪ ಹಲಗೆ ಇಟ್ಟು ಗಾಡಿಯನ್ನು ಅದರ ಮೇಲೆ ಹತ್ತಿಸಿ, ಆಮೇಲೆ ಜಾಕ್ ತಳ್ಳಿ. ಎತ್ತುವ ಜಾಗ ಯಾವುದು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಊಹೆ ಬೇಡ. ಕಾರ್ವೆಟ್‌ನಂಥ ಗಾಡಿಯ ಚೌಕಟ್ಟಿನಲ್ಲಿ ಉದ್ದನೆಯ ಕಿಂಡಿ ಇರುತ್ತದೆ, ಅದಕ್ಕೆ ಬಿಲ್ಲೆ ಸಿಕ್ಕಿಸಿ ಅದರ ಮೇಲೆ ಎತ್ತಬೇಕು. ವೆಲ್ಡಿಂಗ್ ಅಂಚಿನ ಮೇಲೆ ಎತ್ತುವ ಗಾಡಿಗೆ ನಡುವೆ ಸೀಳು ಇರುವ ರಬ್ಬರ್ ಬಿಲ್ಲೆ ಬೇಕು. ವಿದ್ಯುತ್ ಗಾಡಿಯಾದರೆ ನೆಲದ ತುಂಬ ಬ್ಯಾಟರಿ ಇರುತ್ತದೆ. ಒಂದು ಇಂಚು ಆಚೀಚೆ ಆದರೂ ತಪ್ಪೇ.

ಜಾಕ್ ಇರುವುದು ಎತ್ತುವುದಕ್ಕೆ. ಹೊರುವುದು ಜಾಕ್ ಸ್ಟ್ಯಾಂಡ್. ಸ್ಟ್ಯಾಂಡ್ ಇಡದೆ ಕೈಯನ್ನೂ ಒಳಗೆ ಹಾಕಬೇಡಿ. ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಬಹಳಷ್ಟು ಗಾಡಿಗಳಲ್ಲಿ ಮುಂದಿನ ಚಕ್ರ ಬಿಚ್ಚುವುದೇ ಬೇಡ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಸ್ಕ್ರೂ ಕಾಣುತ್ತದೆ. ಹಿಂದಿನದ್ದನ್ನು ಬಿಚ್ಚಿಬಿಡುವುದು ಒಳ್ಳೆಯದು.

ಬಿಚ್ಚುವ ವರಸೆ

ಶುರು ಮಾಡುವ ಮೊದಲೇ ಹೊಸ ಕ್ಲಿಪ್‌ಗಳನ್ನು ತರಿಸಿಟ್ಟುಕೊಳ್ಳಿ. ಹಳೇ ಕ್ಲಿಪ್ ಒಂದೆರಡಾದರೂ ಮುರಿಯುತ್ತವೆ, ಅದಕ್ಕೆ ಯಾರ ತಪ್ಪೂ ಇಲ್ಲ. ಸ್ಕರ್ಟ್‌ಗೆ ತಾಗುವ ಫೆಂಡರ್ ಅಂಚು, ಹಿಂದಿನ ಚಕ್ರದ ಕಮಾನಿನ ಅಂಚು, ಎರಡಕ್ಕೂ ಮಾಸ್ಕಿಂಗ್ ಟೇಪ್ ಎರಡು ಪದರ ಹಚ್ಚಿ. ಗೀಚು ಬೀಳುವುದು ಅಲ್ಲಿಯೇ.

ಮೊದಲು ತುದಿಗಳು. ಚಕ್ರದ ಕಮಾನಿನೊಳಗಿನ ಪ್ಲಾಸ್ಟಿಕ್ ಲೈನರ್ ಸರಿಸಿದರೆ ಒಂದೋ ಎರಡೋ ಸ್ಕ್ರೂ ಸಿಗುತ್ತವೆ. ಟಾರ್ಕ್ಸ್ ಬಿಟ್, 8 ಅಥವಾ 10 ಎಂಎಂ ಸಾಕೆಟ್, ಸಾದಾ ಸ್ಟಾರ್ ಸ್ಕ್ರೂಡ್ರೈವರ್, ಇಷ್ಟಿದ್ದರೆ ಬಹುತೇಕ ಕೆಲಸ ಆಗುತ್ತದೆ. ಆಮೇಲೆ ತಳದ ಸಾಲು. ಅಲ್ಲಿ ನಡುವೆ ಗುಂಡಿ ಇರುವ ಪುಶ್ ಕ್ಲಿಪ್ ಇರುತ್ತವೆ. ಕೆಲವು ಕ್ಲಿಪ್‌ನಲ್ಲಿ ನಡುವಿನ ಗುಂಡಿಯನ್ನು ಎಬ್ಬಿಸಿ ತೆಗೆಯಬೇಕು, ಕೆಲವದರಲ್ಲಿ ಒಳಕ್ಕೆ ಒತ್ತಬೇಕು. ಗುಂಡಿಯ ಪಕ್ಕ ಸಣ್ಣ ಸೀಳು ಇದ್ದರೆ ಎಬ್ಬಿಸುವ ಜಾತಿ ಅಂತ ಸಾಮಾನ್ಯವಾಗಿ ತಿಳಿಯಬಹುದು. ಕೆಸರು ತುಂಬಿದ್ದರೆ ಮೊದಲು ಬ್ರಷ್ ಹಾಕಿ ತೊಳೆಯಿರಿ. ಕಾಣದ್ದನ್ನು ಮೀಟಿದರೆ ಮುರಿಯುತ್ತದೆ, ಅಷ್ಟೇ. ಬಾಗಿಲು ತೆಗೆದು ಹೊಸ್ತಿಲ ಬದಿಯಲ್ಲೂ ನೋಡಿ. ಕೆಲವು ಗಾಡಿಯಲ್ಲಿ ಅಲ್ಲೂ ಒಂದು ಸಾಲು ಬಚ್ಚಿಟ್ಟಿರುತ್ತಾರೆ.

ಕೊನೆಗೆ ಉಳಿಯುವುದು ಮೇಲಿನ ಸಾಲಿನ ಕ್ಲಿಪ್‌ಗಳು. ಇವು ಸ್ಕರ್ಟ್ ಬೆನ್ನಿಗೆ ಸಿಕ್ಕಿಕೊಂಡು ಗಾಡಿಯ ತೂತಿನೊಳಗೆ ಕೂತಿರುತ್ತವೆ. ಒಂದು ತುದಿಯಿಂದ ಶುರು ಮಾಡಿ, ಕ್ಲಿಪ್ ಇರುವ ಜಾಗದ ಪಕ್ಕದಲ್ಲೇ ಪ್ಲಾಸ್ಟಿಕ್ ಮೀಟುಗೋಲು ಇಟ್ಟು ಎಳೆಯಿರಿ. ಎರಡು ಕ್ಲಿಪ್ ನಡುವೆ ಹಿಡಿದು ಎಳೆದರೆ ಸ್ಕರ್ಟ್ ಬಾಗುತ್ತದೆ, ಬಣ್ಣ ಬಿರುಕು ಬಿಡುತ್ತದೆ. ಚಳಿ ಇರುವಾಗ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಹೀಟ್ ಗನ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಎಷ್ಟೇ ಎಳೆದರೂ ಬರುತ್ತಿಲ್ಲವೆಂದರೆ ಜೋರು ಮಾಡಬೇಡಿ. ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತ ಅರ್ಥ.

ಇನ್ನೊಬ್ಬರು ಜೊತೆಗಿರಲಿ. ಸ್ಕರ್ಟ್ ಒಬ್ಬರ ತೋಳಿಗಿಂತ ಉದ್ದ. ಒಂದು ತುದಿ ಬಿಟ್ಟುಕೊಂಡು ಜೋತುಬಿದ್ದರೆ ಇನ್ನೊಂದು ತುದಿಯಲ್ಲಿ ಸ್ಕ್ರೂ ಹಿಡಿಯುವ ಕಿವಿಗಳು ಸೀಳುತ್ತವೆ.

ಆಮೇಲೆ ಹಾಕಿಸಿದ ಸ್ಕರ್ಟ್ ಆದರೆ ಡಬಲ್ ಟೇಪ್ ಇರುತ್ತದೆ. ಅದನ್ನು ಮೀಟಬೇಡಿ. ಅಂಚನ್ನು ಬೆಚ್ಚಗೆ ಮಾಡಿ, ಹಿಂದಿನಿಂದ ಮೀನಿನ ಗಾಳದ ನೈಲಾನ್ ದಾರ ತೂರಿಸಿ, ಗರಗಸ ಎಳೆದಂತೆ ಆಚೀಚೆ ಎಳೆಯುತ್ತಾ ಹೋಗಿ. ಟೇಪಿನ ನೊರೆಯ ಪದರ ಮಧ್ಯಕ್ಕೆ ಸೀಳುತ್ತದೆ, ಬಣ್ಣಕ್ಕೆ ಏನೂ ಆಗುವುದಿಲ್ಲ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆಯಬಹುದು. ಬಾರದ್ದಕ್ಕೆ ಡ್ರಿಲ್‌ಗೆ ಹಾಕುವ ರಬ್ಬರ್ ಚಕ್ರ ಇದೆ. ಅದನ್ನು ಒಂದೇ ಕಡೆ ನಿಲ್ಲಿಸಬೇಡಿ, ಬಣ್ಣ ಸುಡುತ್ತದೆ.

ಹಿಂದೆ ಏನಿದೆ

ಬಿಚ್ಚಿದ ಮೇಲೆ ಒಂದು ನಿಮಿಷ ಫಿಲ್ಮ್ ಮರೆತುಬಿಡಿ. ಸ್ಕರ್ಟ್ ಹಿಂದೆ ವರ್ಷಗಳ ಮಣ್ಣು, ಎಲೆ, ಜಲ್ಲಿ ಸೇರಿರುತ್ತದೆ. ಒದ್ದೆ ಮಣ್ಣು ತಳದ ತೂತು ಮುಚ್ಚಿದರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಮಜ್ದಾ ಎಂಎಕ್ಸ್-5ರ ಮೊದಲೆರಡು ತಲೆಮಾರಿನ ಗಾಡಿಗಳಲ್ಲಿ ಇದು ಹೆಸರುವಾಸಿ ಕಾಯಿಲೆ. ಮಡಚುವ ಟಾಪ್‌ನ ನೀರು ಇಳಿಯುವ ಕೊಳವೆ ಕಟ್ಟಿಕೊಂಡರೆ ಹಿಂದಿನ ಚಕ್ರದ ಮುಂದಿರುವ ಸಿಲ್ (ಬಾಗಿಲ ಕೆಳಗಿನ ಲೋಹದ ತೊಲೆ) ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗಲೇ ಗೊತ್ತಾಗುವುದು. ಬರೀ ಚೆಂದಕ್ಕೆ ಅಂತ ಸ್ಕರ್ಟ್ ಬಿಚ್ಚಿಸಿ, ತುಕ್ಕು ನೋಡಿ ಬೆಚ್ಚಿಬಿದ್ದವರನ್ನು ನಾನು ನೋಡಿದ್ದೇನೆ. ಮಣ್ಣು ತೆಗೆದು, ತೊಳೆದು, ಪೂರ್ತಿ ಒಣಗಲು ಬಿಡಿ. ತುಕ್ಕು ಕಂಡರೆ ಮೊದಲು ಅದಕ್ಕೆ ಔಷಧಿ, ಆಮೇಲೆ ಅಲಂಕಾರ.

ಸ್ಕರ್ಟ್ ಬೆನ್ನು ಕೂಡ ಓದಿ. ಅಲ್ಲಿ ಪ್ಲಾಸ್ಟಿಕ್ ಯಾವುದು ಅಂತ ಅಚ್ಚು ಹಾಕಿರುತ್ತಾರೆ. ಪಿಪಿ ಅಂತಿದ್ದರೆ ಪಾಲಿಪ್ರೊಪಿಲೀನ್, ಜೊತೆಗೆ ಟಿ20 ಅಂತಿದ್ದರೆ ನೂರಕ್ಕೆ 20 ಭಾಗ ಟಾಲ್ಕ್ ಪುಡಿ ಸೇರಿದೆ ಅಂತ. ಎಬಿಎಸ್ ಆದರೆ ಆ ಮೂರಕ್ಷರವೇ ಇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ಬಣ್ಣ ಹಾಕದ ಬರೀ ಪಿಪಿ ಮೇಲೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಎಬಿಎಸ್ ಮೇಲೆ ಹಿಡಿಯುತ್ತದೆ, ಆದರೆ ಅದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಕೊನೆಯ ಕಾಯಿಸುವ ಕೆಲಸದಲ್ಲಿ ನಾವು ಹೋಗುವುದೂ ಅದರ ಹತ್ತಿರಕ್ಕೇ.

ತರಿತರಿಯಾದ ಕಪ್ಪು ಪ್ಲಾಸ್ಟಿಕ್ ಸ್ಕರ್ಟ್ ಹಾಗೇ ಇದ್ದರೆ ನಾನು ರ‍್ಯಾಪ್ ಮಾಡುವುದಿಲ್ಲ, ಎಷ್ಟು ಕೇಳಿದರೂ. ತರಿಗಳ ತುದಿಗೆ ಮಾತ್ರ ಅಂಟು ತಾಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪ್ರೈಮರ್ ಹಾಕಿ ಬಣ್ಣ ಹೊಡೆಸುವುದೇ ದಾರಿ. ಹೊಸದಾಗಿ ಬಣ್ಣ ಹೊಡೆಸಿದ ಮೇಲೆ ರ‍್ಯಾಪ್ ಮಾಡುವುದಿದ್ದರೆ ಒಂದು ತಿಂಗಳಾದರೂ ಬಿಡಿ. ಒಣಗುವ ಬಣ್ಣದಿಂದ ಹೊರಬರುವ ಆವಿ ಫಿಲ್ಮ್ ಕೆಳಗೆ ಗುಳ್ಳೆಯಾಗುತ್ತದೆ.

ತೊಳೆಯುವುದೇ ಅರ್ಧ ಕೆಲಸ

ಸ್ಕರ್ಟ್ ಮೇಲೆ ಕಾಣದ ಶತ್ರು ಒಂದಿದೆ. ಟೈರಿಗೆ ಹಚ್ಚುವ ಹೊಳಪಿನ ದ್ರಾವಣ. ಚಕ್ರ ತಿರುಗಿದಾಗ ಅದು ಸಿಡಿದು ಸ್ಕರ್ಟ್‌ನ ಎರಡೂ ತುದಿಗೆ ಬೀಳುತ್ತದೆ. ಅದರಲ್ಲಿ ಸಿಲಿಕೋನ್ ಇರುತ್ತದೆ, ಸೋಪು ನೀರಿಗೆ ಜಗ್ಗುವುದಿಲ್ಲ. ಮೇಲೆ ನೋಡಿದರೆ ಫಳಫಳ ಶುದ್ಧ, ಫಿಲ್ಮ್ ಹಚ್ಚಿದ ವಾರಕ್ಕೆ ತುದಿ ಎದ್ದು ನಿಲ್ಲುತ್ತದೆ.

ಆದ್ದರಿಂದ ಕ್ರಮ ಹೀಗೆ: ಸೋಪಿನಲ್ಲಿ ತೊಳೆಯುವುದು, ಟಾರ್ ತೆಗೆಯುವ ದ್ರಾವಣ, ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಮೆತ್ತನೆ ಉಂಡೆ), ಮತ್ತೆ ಸೋಪು, ಒಣಗಿಸಿ ಐಸೊಪ್ರೊಪೈಲ್ ಆಲ್ಕೋಹಾಲ್. 70 ಭಾಗ ಆಲ್ಕೋಹಾಲ್‌ಗೆ 30 ಭಾಗ ನೀರು. ನಾರು ಬಿಡದ ಬಟ್ಟೆ ಎರಡಿರಲಿ. ಒಂದರಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದರಲ್ಲಿ ತೆಗೆಯಿರಿ. ಆರಲು ಬಿಟ್ಟರೆ ಕೊಳೆ ಅಲ್ಲೇ ಮರಳಿ ಕೂರುತ್ತದೆ. ಮುಖಕ್ಕಿಂತ ಜಾಸ್ತಿ ಹೊತ್ತು ಒಳಮಡಿಕೆಗೆ ಕೊಡಿ. ಫಿಲ್ಮ್ ಹಿಡಿದುಕೊಳ್ಳಬೇಕಾದದ್ದು ಅಲ್ಲಿ. ಕಲ್ಲೇಟಿನಿಂದ ಬಣ್ಣ ಹಾರಿದ ಗುಂಡಿಗಳನ್ನು ತುಂಬಿ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಪ್ರತಿಯೊಂದೂ ಫಿಲ್ಮ್ ಮೇಲೆ ಎದ್ದು ಕಾಣುತ್ತದೆ.

ಫಿಲ್ಮ್

ಕಾಸ್ಟ್ ವಿನೈಲ್ (ದ್ರವ ಹರಡಿ ಒಣಗಿಸಿ ಮಾಡಿದ ಫಿಲ್ಮ್) ತೆಗೆದುಕೊಳ್ಳಿ, ಕ್ಯಾಲೆಂಡರ್ಡ್ ಬೇಡ. ಕ್ಯಾಲೆಂಡರ್ಡ್ ಫಿಲ್ಮ್ ಅನ್ನು ಉರುಳೆಗಳ ನಡುವೆ ಅರೆದು ಎಳೆದಿರುತ್ತಾರೆ, ಬಿಸಿ ತಾಗಿದಾಗ ಅದು ಮೊದಲಿನ ಅಳತೆಗೆ ಕುಗ್ಗಲು ನೋಡುತ್ತದೆ. ಮಡಚಿದ ಅಂಚಿಗೆ ಅದು ಮಾರಕ. 3ಎಂ 2080, ಏವರಿ ಡೆನಿಸನ್‌ನ ಸುಪ್ರೀಮ್ ರ‍್ಯಾಪಿಂಗ್ ಫಿಲ್ಮ್, ಇವೆಲ್ಲ ಕಾಸ್ಟ್ ಜಾತಿಯವು. ದಪ್ಪ ಸುಮಾರು 80ರಿಂದ 90 ಮೈಕ್ರಾನ್. ಬಣ್ಣ ಬದಲಾಗುವುದು ಬೇಡ, ಕಲ್ಲೇಟು ತಡೆದರೆ ಸಾಕು ಅಂದರೆ ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಿ. ಅದು 150ರಿಂದ 200 ಮೈಕ್ರಾನ್ ದಪ್ಪದ ಯುರೆಥೇನ್, ಕಲ್ಲಿನ ಪೆಟ್ಟನ್ನು ನಿಜವಾಗಿ ಹೀರುತ್ತದೆ. ವಿನೈಲ್‌ನಿಂದ ಆ ಕೆಲಸ ನಿರೀಕ್ಷಿಸಬೇಡಿ. ವಿನೈಲೇ ಬೇಕು ಅಂದರೆ, ಮುಂದಿನ ಚಕ್ರದ ಹಿಂದಿನ ತುದಿ ಮತ್ತು ಹಿಂದಿನ ಚಕ್ರದ ಮುಂದೆ ಸ್ಕರ್ಟ್ ಉಬ್ಬುವ ಜಾಗ, ಈ ಎರಡಕ್ಕೆ ವಿನೈಲ್ ಮೇಲೆ ಪಿಪಿಎಫ್ ತುಂಡು ಹಾಕುವುದು ನನ್ನ ಅಭ್ಯಾಸ.

ಫಳಫಳ ಹೊಳೆಯುವ ಗ್ಲಾಸಿ ಕಪ್ಪು ಎಲ್ಲರಿಗೂ ಇಷ್ಟ. ಸಣ್ಣ ಧೂಳಿನ ಕಣವನ್ನೂ ಊರಿಗೆಲ್ಲ ಸಾರುವ ಬಣ್ಣವೂ ಅದೇ. ಮೊದಲ ಸಲ ಮಾಡುವವರು ಸ್ಯಾಟಿನ್ ಅಥವಾ ಕಾರ್ಬನ್ ನೇಯ್ಗೆಯ ಫಿಲ್ಮ್ ತೆಗೆದುಕೊಂಡರೆ ಸುಖ. ಕಾರ್ಬನ್ ನೇಯ್ಗೆಯಲ್ಲಿ ಗೆರೆ ನೇರ ಕೂರಬೇಕು, ಎಳೆದರೆ ಸೊಟ್ಟಗಾಗುತ್ತದೆ. ಮೆಟಾಲಿಕ್ ಆದರೆ ಎಡ, ಬಲ ಎರಡಕ್ಕೂ ಒಂದೇ ರೋಲಿನಿಂದ ಒಂದೇ ದಿಕ್ಕಿಗೆ ಕತ್ತರಿಸಿ. ಒಂದನ್ನು ತಿರುಗಿಸಿ ಹಚ್ಚಿದರೆ ಬಿಸಿಲಲ್ಲಿ ಎರಡು ಕಡೆ ಎರಡು ಬಣ್ಣ. ಉದ್ದಕ್ಕೆ ಎರಡೂ ತುದಿಯಲ್ಲಿ 15 ಸೆಂಟಿಮೀಟರ್ ಹೆಚ್ಚು ಇಟ್ಟುಕೊಳ್ಳಿ, ಹಿಡಿದು ಎಳೆಯಲು ಬೇಕು.

ಹಚ್ಚುವುದು

ಧೂಳಿಲ್ಲದ ಜಾಗ, 20ರಿಂದ 25 ಡಿಗ್ರಿ ಬಿಸಿ. ಬಿಚ್ಚಿದ ಸ್ಕರ್ಟ್ ಅನ್ನು ಮೆತ್ತೆ ಹಾಕಿದ ಎರಡು ಸ್ಟ್ಯಾಂಡ್ ಮೇಲೆ ಸೊಂಟದ ಎತ್ತರಕ್ಕೆ ಇಡಿ. ಗಾಡಿ ಮೇಲೇ ಮಾಡುವುದಾದರೆ ಫಿಲ್ಮ್ ಹಿಡಿಯಲು ಮೇಲೆ ಬಾಗಿಲ ತಗಡಿಗೆ ಆಯಸ್ಕಾಂತ ಇಡಬಹುದು. ಸ್ಕರ್ಟ್‌ಗೆ ಹೇಗೂ ಹಿಡಿಯುವುದಿಲ್ಲ. ಕಾರ್ವೆಟ್ ಬಾಡಿ 1953ರಿಂದಲೂ ಕಬ್ಬಿಣದ್ದಲ್ಲ, ಅಲ್ಲಿ ಮಾಸ್ಕಿಂಗ್ ಟೇಪೇ ಗತಿ.

ಇಬ್ಬರು ಎರಡು ತುದಿ ಹಿಡಿದು, ಹಿಂಬದಿ ಕಾಗದ ತೆಗೆದು, ಫಿಲ್ಮ್ ಅನ್ನು ಸುಕ್ಕಿಲ್ಲದಷ್ಟು ಮಾತ್ರ ಬಿಗಿ ಮಾಡಿ ಸ್ಕರ್ಟ್ ಮೇಲೆ ತೇಲಿಸಿ. ಉದ್ದಕ್ಕೆ ಎಳೆಯುವ ಆಸೆ ಬೇಡ. ಉದ್ದಕ್ಕೆ ಎಳೆದ ಫಿಲ್ಮ್ ತುದಿಗಳಲ್ಲಿ ಹಿಂದಕ್ಕೆ ಸರಿಯುತ್ತದೆ. ಸ್ಕರ್ಟ್ ಮಧ್ಯದಲ್ಲಿ ಉದ್ದನೆಯ ತಗ್ಗು ಗೆರೆ ಇದ್ದರೆ ಮೊದಲು ಅದರೊಳಗೆ ಕೂರಿಸಿ, ಆಮೇಲೆ ಮೇಲಕ್ಕೂ ಕೆಳಕ್ಕೂ ಸ್ಕ್ವೀಜಿ (ಫಿಲ್ಮ್ ಒತ್ತಿ ಸವರುವ ಪಟ್ಟಿ) ಎಳೆಯಿರಿ. ಎರಡು ದಂಡೆಗೂ ಮೊದಲು ಹಚ್ಚಿ ತಗ್ಗಿನ ಮೇಲೆ ಫಿಲ್ಮ್ ಡೋಲಿನ ಚರ್ಮದ ಹಾಗೆ ಬಿಗಿದುಕೊಂಡರೆ, ನೀವು ಎಷ್ಟೇ ಕಾಯಿಸಿ ಒತ್ತಿದರೂ ಬಿಸಿಲಿಗೆ ಅದು ಮತ್ತೆ ಮೇಲೆ ಬರುತ್ತದೆ. ಸ್ಕ್ವೀಜಿಗೆ ಬಟ್ಟೆಯ ಅಂಚಿರಲಿ. ಪ್ರತಿ ಎಳೆತವೂ ಹಿಂದಿನದ್ದರ ಮೇಲೆ ಅರ್ಧ ಬರಲಿ. ಸುಕ್ಕು ಬಂದರೆ ಹೆದರಬೇಡಿ. ಎತ್ತಿ, ಸ್ವಲ್ಪ ಬಿಸಿ ತೋರಿಸಿ, ಅದು ತಾನೇ ನೆಟ್ಟಗಾಗುತ್ತದೆ.

ಆಳವಾದ ಕಿಂಡಿಗೆ ಒಂದೇ ತುಂಡಿನಲ್ಲಿ ಇಳಿಸುವ ಸಾಹಸ ಬೇಡ. ಕಿಂಡಿಯ ಒಳಗೋಡೆಗೆ ಮೊದಲು ಬೇರೆ ತುಂಡು ಹಚ್ಚಿ, ಮುಖದ ಫಿಲ್ಮ್ ಅದರ ಮೇಲೆ ಕೆಲವು ಮಿಲಿಮೀಟರ್ ಬಂದು ನಿಲ್ಲಲಿ. ಜೋಡಣೆ ಎಲ್ಲೇ ಇರಲಿ, ಗಾಡಿಯ ಮುಂಭಾಗದ ಕಡೆಯ ತುಂಡು ಹಿಂಭಾಗದ ಕಡೆಯದ್ದರ ಮೇಲೆ ಕೂತಿರಬೇಕು. ಆಗ ಗಾಳಿ, ನೀರು ಅಂಚಿನ ಮೇಲೆ ಜಾರಿ ಹೋಗುತ್ತವೆ, ಅಡಿಗೆ ನುಗ್ಗುವುದಿಲ್ಲ. ಮಧ್ಯೆ ಎಂಜಿನ್ ಇರುವ ಗಾಡಿಗಳಲ್ಲಿ ಪಕ್ಕದ ಕಿಂಡಿ ಬರೀ ತೋರಿಕೆಗಲ್ಲ, ತಣ್ಣನೆ ಗಾಳಿ ಹೋಗುವ ದಾರಿ. ಜಾಲರಿಯ ಒಂದು ಕಣ್ಣನ್ನೂ ಮುಚ್ಚಬೇಡಿ.

ಈಗ ಕೆಳ ಅಂಚು. ಸ್ಕರ್ಟ್ ಬಿಚ್ಚಿದ್ದರೆ ಬೆನ್ನಿನವರೆಗೂ ಮಡಚಿ ಅಲ್ಲೇ ಕತ್ತರಿಸಿ. ಮೂಲೆಯಲ್ಲಿ ಫಿಲ್ಮ್ ಗುಡ್ಡೆ ಬೀಳದಂತೆ ಓರೆಯಾಗಿ ಸೀಳು ಕೊಡಿ. ಗಾಡಿ ಮೇಲಿದ್ದರೆ ಬ್ಲೇಡನ್ನು ಬಣ್ಣದ ಮೇಲೆ ಆಡಿಸಬೇಡಿ. ನೈಫ್‌ಲೆಸ್ ಟೇಪ್ ಅಂತ ಸಿಗುತ್ತದೆ. ಅದನ್ನು ಮೊದಲೇ ಗೆರೆಯಾಗಿ ಅಂಟಿಸಿ, ಮೇಲೆ ಫಿಲ್ಮ್ ಹಚ್ಚಿ, ಟೇಪಿನೊಳಗಿನ ಎಳೆ ಎಳೆದರೆ ಫಿಲ್ಮ್ ಕತ್ತರಿಸುತ್ತದೆ. ಅಂಚಿಗೆ ಪ್ರೈಮರ್ ಬಳಿಯುವವರಿದ್ದಾರೆ. ಮೂಲೆಗೆ ಒಂದು ತೆಳು ಗೆರೆ ಸರಿ. ಎಲ್ಲ ಕಡೆ ಬಳಿದರೆ ಮುಂದೆ ತೆಗೆಯುವವರು ಶಪಿಸುತ್ತಾರೆ. ಜಾಕ್ ಇಡುವ ಜಾಗಕ್ಕೆ ಮುಚ್ಚಳ ಇದ್ದರೆ ಅದನ್ನು ಬೇರೆಯಾಗಿ ಹಚ್ಚಿ. ಒಟ್ಟಿಗೆ ಹಚ್ಚಿಬಿಟ್ಟರೆ ಪಂಕ್ಚರ್ ಆದ ದಿನ ಹರಿಯಬೇಕಾಗುತ್ತದೆ.

ಕೊನೆಯದು ಕಾಯಿಸುವುದು. ಇದನ್ನು ಬಿಟ್ಟರೆ ಇಷ್ಟು ಹೊತ್ತಿನ ಕೆಲಸ ಸುಮ್ನೆ. ಎಳೆದ ಜಾಗ, ಮಡಿಕೆ, ತಗ್ಗು, ಅಂಚು, ಎಲ್ಲದಕ್ಕೂ 90 ಡಿಗ್ರಿ ಸುಮಾರಿಗೆ ಬಿಸಿ ತಾಗಬೇಕು. ಆಗ ಫಿಲ್ಮ್ ಹಳೇ ಆಕಾರ ಮರೆಯುತ್ತದೆ. ನಿಮ್ಮ ಫಿಲ್ಮ್‌ಗೆ ಎಷ್ಟು ಅಂತ ಅದರ ಮಾಹಿತಿ ಹಾಳೆಯಲ್ಲಿ ಇರುತ್ತದೆ. ಕೈಯಲ್ಲಿ ಮುಟ್ಟಿ ಅಂದಾಜು ಮಾಡಬೇಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಎಬಿಎಸ್ ಸ್ಕರ್ಟ್ ಆದರೆ ಹೀಟ್ ಗನ್ ಸದಾ ಓಡುತ್ತಿರಲಿ, ಬೆನ್ನು ಟೊಳ್ಳಾಗಿರುವ ಕಡೆ ಇನ್ನೂ ಬೇಗ ಓಡಲಿ.

ಮರಳಿ ಕೂರಿಸುವುದು

ಎಲ್ಲ ಕ್ಲಿಪ್ ಮೊದಲು ಸ್ಕರ್ಟ್ ಬೆನ್ನಿಗೆ ಸಿಕ್ಕಿಸಿ. ಮೇಲಿನ ಸಾಲನ್ನು ತೂತುಗಳಿಗೆ ಎದುರಾಗಿ ಹಿಡಿದು, ಮಧ್ಯದಿಂದ ತುದಿಗಳ ಕಡೆ ಅಂಗೈಯಲ್ಲಿ ಒತ್ತುತ್ತಾ ಹೋಗಿ. ಟಕ್ ಅಂತ ಸದ್ದು ಬರಬೇಕು. ಬರದಿದ್ದರೆ ಕ್ಲಿಪ್ ಬಾಗಿದೆ, ಎಳೆದು ನೋಡಿ. ಸ್ಕ್ರೂಗಳನ್ನು ಎಲ್ಲಾ ಕಡೆ ಸಡಿಲವಾಗಿ ಹಾಕಿ, ಅಂತರ ಒಂದೇ ಸಮ ಇದೆಯಾ ನೋಡಿ, ಆಮೇಲೆ ಕೈಯಲ್ಲೇ ಬಿಗಿ ಮಾಡಿ. ಇಂಪ್ಯಾಕ್ಟ್ ಗನ್ ದೂರ ಇಡಿ. ಟೇಪಿನ ಸ್ಕರ್ಟ್ ಆದರೆ, ಅದಕ್ಕೆ ಹಾಕುವ ಎರಡೂ ಕಡೆ ಅಂಟಿನ ವಿಎಚ್‌ಬಿ ಟೇಪ್ ಮಾಮೂಲಿ ಬಿಸಿಯಲ್ಲಿ ಪೂರ್ತಿ ಹಿಡಿತಕ್ಕೆ ಬರಲು 72 ಗಂಟೆ ಬೇಕು. 20 ನಿಮಿಷಕ್ಕೆ ಅರ್ಧ ಹಿಡಿದಿರುತ್ತದೆ, ಅದನ್ನು ನಂಬಿ ಹೈವೇಗೆ ಹೋಗಬೇಡಿ.

ಒಂದು ವಾರ ಬಿಟ್ಟು ಮತ್ತೆ ಮಂಡಿಯೂರಿ ಅಂಚು ನೋಡಿ. ಎದ್ದಿದ್ದರೆ ಒರೆಸಿ, ಕಾಯಿಸಿ, ಒತ್ತಿ. ಪ್ರೆಷರ್ ವಾಷರ್ ಹಿಡಿಯುವಾಗ ಮೂತಿ 30 ಸೆಂಟಿಮೀಟರ್ ದೂರ ಇರಲಿ, ನೀರು ನೇರ ಬೀಳಲಿ, ಓರೆಯಾಗಿ ಅಂಚಿನ ಅಡಿಗೆ ಬೀಳುವುದು ಬೇಡ. ತೊಳೆಯುವ ಅಂಗಡಿಯವರಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಫಿಲ್ಮ್ ತೆಗೆಯುವ ದಿನ ಬಂದಾಗ ಬೆಚ್ಚಗೆ ಮಾಡಿ, ಮೇಲಕ್ಕೆ ಎಳೆಯದೆ ಫಿಲ್ಮ್ ತನ್ನ ಮೇಲೇ ಮಡಚಿಕೊಂಡು ಬರುವ ಹಾಗೆ ನಿಧಾನವಾಗಿ ಎಳೆಯಿರಿ. ಸ್ಕರ್ಟ್ ತಳದಲ್ಲಿ ಅದು ಬೇಗ ಪೆಡಸಾಗುತ್ತದೆ, ಚೂರುಚೂರಾಗಿ ಬರಲು ಶುರುವಾದರೆ ಬಿಸಿ ಸ್ವಲ್ಪ ಹೆಚ್ಚಿಸಿ. ಅದರ ಜೊತೆ ಬಣ್ಣವೂ ಬರುತ್ತಿದ್ದರೆ ಆ ಸ್ಕರ್ಟ್‌ಗೆ ಹಿಂದೆ ಯಾರೋ ಸರಿಯಾಗಿ ಪ್ರೈಮರ್ ಹಾಕದೆ ಬಣ್ಣ ಹೊಡೆದಿರುವ ಸಾಧ್ಯತೆಯೇ ಹೆಚ್ಚು. ಅಲ್ಲೇ ನಿಲ್ಲಿಸಿ, ಪೇಂಟರ್‌ಗೆ ತೋರಿಸಿ.